ಮೆಡಿಕ್ ಕೈಯಲ್ಲಿ ಕ್ರಾಸ್‌ಬೋ: ಸ್ಕಿಲ್ಲೋ, ಅದೃಷ್ಟವೋ, ಅನ್ಯಾಯವೋ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿ ನಾವು 12 ಜನ ವಾರಕ್ಕೆ ಎರಡು ರಾತ್ರಿ ಟೀಮ್ ಫೋರ್ಟ್ರೆಸ್ 2 ಎಂಬ ಕಂಪ್ಯೂಟರ್ ಶೂಟಿಂಗ್ ಆಟ ಆಡುತ್ತೇವೆ, ಆರಾರು ಜನರ ಎರಡು ತಂಡ. ನಾನು ಯಾವಾಗಲೂ ಮೆಡಿಕ್, ಅಂದರೆ ತಂಡದವರಿಗೆ ಹೆಲ್ತ್ ತುಂಬುವ ಪಾತ್ರ. ಕೆಲವು ಸಲ ನಮ್ಮ ತಂಡದಲ್ಲೇ ಇಬ್ಬರು ಮೆಡಿಕ್ ಇರುತ್ತೇವೆ. ಕ್ರುಸೇಡರ್ಸ್ ಕ್ರಾಸ್‌ಬೋ ಹಿಡಿದು ದೂರದಲ್ಲಿರುವ ಗೆಳೆಯರಿಗೆ ಬಾಣ ಬಿಟ್ಟು ಹೆಲ್ತ್ ಕೊಡುವುದು ನನಗೆ ತುಂಬಾ ಇಷ್ಟ. ಎದುರು ತಂಡದವರು ಮಾತ್ರ 'ಹೆಡ್‌ಶಾಟ್ ಬೇಡ, ಎಲ್ಲಿ ತಾಗಿದರೂ 150 ಹೆಲ್ತ್, ಇದಕ್ಕೆ ಸ್ಕಿಲ್ಲೇ ಬೇಕಾಗಿಲ್ಲ' ಎಂದು ಜಗಳ ತೆಗೆದಿದ್ದಾರೆ. ಮುಂದಿನ ತಿಂಗಳ ಹಾಸ್ಟೆಲ್ ಟೂರ್ನಿಯಲ್ಲಿ ಅದನ್ನು ನಿಷೇಧಿಸಬೇಕಂತೆ. ಇನ್ನೊಂದು ವಿಷಯ. ಹಾಸ್ಟೆಲ್ ಲ್ಯಾನ್‌ನಲ್ಲಿ ನನ್ನ ಹತ್ತು ಬಾಣದಲ್ಲಿ ಆರೇಳು ತಾಗುತ್ತವೆ. ರಾತ್ರಿ ಸಿಂಗಪುರದ ಸರ್ವರ್‌ನಲ್ಲಿ 80 ಪಿಂಗ್ (ಸರ್ವರ್‌ಗೆ ಸಂಕೇತ ಹೋಗಿಬರಲು 80 ಮಿಲಿಸೆಕೆಂಡ್) ಇಟ್ಟುಕೊಂಡು ಆಡಿದರೆ ಎರಡು ತಾಗುವುದೂ ಕಷ್ಟ. ಹಾಗಾದರೆ ಇದೆಲ್ಲ ಬರೀ ಅದೃಷ್ಟವಾ? ನಾನು ಮತ್ತೆ ಶತ್ರುವಿಗೆ ಸೂಜಿ ಹೊಡೆಯುವ ಸಿರಿಂಜ್ ಗನ್‌ಗೆ ಹೋಗಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಿರಿಂಜ್ ಗನ್‌ಗೆ ಹೋಗಬೇಡಿ.

ನೀವು ಒಂದೇ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯ ಕೇಳಿದ್ದೀರಿ. ಇದಕ್ಕೆ ಸ್ಕಿಲ್ ಬೇಕಾ, ಇದು ನ್ಯಾಯವಾ, ಸಿಂಗಪುರದಲ್ಲಿ ಕೈ ಯಾಕೆ ಕೈಕೊಡುತ್ತದೆ. ನಿಮ್ಮ ಹಾಸ್ಟೆಲಿನ ಜಗಳದಲ್ಲಿ ಮೊದಲ ಎರಡು ಕಲಸಿಹೋಗಿವೆ. 'ಸ್ಕಿಲ್ ಬೇಡ, ಆದ್ದರಿಂದ ಅನ್ಯಾಯ' ಎಂದು ಅವರು ಹೇಳುತ್ತಾರೆ, 'ಸ್ಕಿಲ್ ಬೇಕು, ಆದ್ದರಿಂದ ನ್ಯಾಯ' ಎಂದು ನೀವು ಹೇಳುತ್ತೀರಿ. ಎರಡೂ ತಪ್ಪು. ಹನ್ನೊಂದು ವರ್ಷದಿಂದ ಶೂಟಿಂಗ್ ಆಟಗಳ ಆಯುಧಗಳಿಗೆ ಅಂಕಿ ಕೂಡಿಸುವುದೇ ನನ್ನ ಕೆಲಸ. ಈ ಎರಡನ್ನೂ ಕಲಸಿದ್ದಕ್ಕೆ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ಕಿಲ್ ವಿಷಯ. ಹೆಡ್‌ಶಾಟ್ ಇಲ್ಲ ಎಂಬುದು ನಿಜ. ಆದರೆ ಬಾಣ ಗುಂಡಿನಂತೆ ಒತ್ತಿದ ಕ್ಷಣದಲ್ಲೇ ತಾಗುವುದಿಲ್ಲ, ಅದು ಹಾರಿ ಹೋಗಬೇಕು. ಅದರ ವೇಗ ಸೆಕೆಂಡಿಗೆ 2400 ಹ್ಯಾಮರ್ ಯೂನಿಟ್. ಆಟದೊಳಗಿನ ದೂರದ ಅಳತೆ ಅದು. ಸ್ಕೌಟ್ (ಎಲ್ಲರಿಗಿಂತ ವೇಗವಾಗಿ ಓಡುವ ಪಾತ್ರ) ಆಡುವ ನಿಮ್ಮ ಗೆಳೆಯ 1200 ಯೂನಿಟ್ ದೂರದಲ್ಲಿ ಓಡುತ್ತಿದ್ದಾನೆ ಅಂದುಕೊಳ್ಳಿ. ಬಾಣ ಅಲ್ಲಿಗೆ ಮುಟ್ಟಲು ಅರ್ಧ ಸೆಕೆಂಡ್ ಬೇಕು. ಸ್ಕೌಟ್ ಸೆಕೆಂಡಿಗೆ 400 ಯೂನಿಟ್ ಓಡುತ್ತಾನೆ, ಅಂದರೆ ಅಷ್ಟರಲ್ಲಿ 200 ಯೂನಿಟ್ ಆಚೆ ಹೋಗಿರುತ್ತಾನೆ. ಆಟಗಾರನ ದೇಹದ ಅಗಲ ಸುಮಾರು 49 ಯೂನಿಟ್. ನೀವು ಅವನಿಗಿಂತ ನಾಲ್ಕು ದೇಹದಷ್ಟು ಮುಂದೆ, ಖಾಲಿ ಗಾಳಿಗೆ ಗುರಿ ಇಡಬೇಕು! ನಿಧಾನವಾಗಿ ಓಡುವ ದೊಡ್ಡ ಪಾತ್ರ ಹೆವಿ ಆದರೆ 230ರ ವೇಗ, ಎರಡು ದೇಹದಷ್ಟು ಸಾಕು. ಬೌಂಡರಿಯಿಂದ ಚೆಂಡು ಎಸೆಯುವ ಫೀಲ್ಡರ್ ಓಡಿಬರುತ್ತಿರುವ ಕೀಪರ್‌ಗೆ ಎಸೆಯುವುದಿಲ್ಲ ಅಲ್ವಾ, ಕೀಪರ್ ಬಂದು ನಿಲ್ಲುವ ಜಾಗಕ್ಕೆ ಎಸೆಯುತ್ತಾನೆ. ಇಲ್ಲೂ ಅದೇ ಲೆಕ್ಕ.

ಇನ್ನೂ ಒಂದು ಪದರ ಇದೆ, ಇದನ್ನು ನಿಮ್ಮ ಎದುರಾಳಿಗಳು ಗಮನಿಸಿಲ್ಲ ಅನಿಸುತ್ತದೆ. ಗೆಳೆಯ ನಿಮ್ಮ ಬಾಣ ತಪ್ಪಿಸಲು ಓಡುತ್ತಿಲ್ಲ, ಶತ್ರುವಿನ ರಾಕೆಟ್ ತಪ್ಪಿಸಲು ಓಡುತ್ತಿದ್ದಾನೆ. ಹಾಗಾಗಿ ಅವನು ಎಡಕ್ಕೆ ತಿರುಗುತ್ತಾನಾ ಬಲಕ್ಕಾ ಎಂದು ತಿಳಿಯಲು ಅವನನ್ನು ನೋಡಿದರೆ ಸಾಲದು, ಅವನ ಮೇಲೆ ಬೀಳುತ್ತಿರುವುದನ್ನು ನೋಡಬೇಕು. ಒಳ್ಳೆಯ ಮೆಡಿಕ್‌ಗಳ ಕಣ್ಣು ಗೆಳೆಯನ ಮೇಲಿಗಿಂತ ಜಾಸ್ತಿ ಹೊತ್ತು ರಾಕೆಟ್ ಹೊಡೆಯುವ ಎದುರಿನ ಸೋಲ್ಜರ್ ಮೇಲಿರುತ್ತದೆ. ರಾಕೆಟ್ ಜಂಪ್ ಮಾಡಿ, ಅಂದರೆ ಕಾಲ ಕೆಳಗೆ ರಾಕೆಟ್ ಸಿಡಿಸಿ, ಹಾರಿದ ಸೋಲ್ಜರ್‌ಗೆ ಗಾಳಿಯಲ್ಲೇ ಹೊಡೆಯಲು ಅವರು ಹೋಗುವುದಿಲ್ಲ. ಅವನು ಇಳಿಯುವ ಜಾಗಕ್ಕೆ ಮೊದಲೇ ಬಾಣ ಬಿಟ್ಟಿರುತ್ತಾರೆ, ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಹೆಲ್ತೂ ತಾಗುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಆದ್ದರಿಂದ ಅದೃಷ್ಟದ ಮಾತು ಬಿಡಿ. ಹತ್ತರಲ್ಲಿ ಆರೇಳು ತಾಗುತ್ತಿದ್ದರೆ ಚೆನ್ನಾಗಿಯೇ ಆಡುತ್ತಿದ್ದೀರಿ.

ಇನ್ನು 150 ಹೆಲ್ತ್. ಎಲ್ಲಿ ತಾಗಿದರೂ 150 ಸಿಗುತ್ತದೆ ಎಂಬುದು ಅರ್ಧ ಸತ್ಯ. ತೀರಾ ಹತ್ತಿರದಿಂದ ಬಿಟ್ಟರೆ 75 ಮಾತ್ರ, ದೂರ ಹೋದಂತೆ ಏರುತ್ತಾ 150 ಆಗುತ್ತದೆ. ಶತ್ರುವಿಗೆ ಹೊಡೆದರೂ ಹಾಗೇ, ಹತ್ತಿರ 38, ದೂರ 75. ಬಹುತೇಕ ಬಂದೂಕುಗಳು ದೂರ ಹೋದಂತೆ ಸಪ್ಪೆಯಾಗುತ್ತವೆ, ಇದು ಉಲ್ಟಾ. ಕಷ್ಟದ ಬಾಣಕ್ಕೆ ಜಾಸ್ತಿ ಫಲ, ಅಷ್ಟೇ ತರ್ಕ. ಹತ್ತಿರ ಇದ್ದಾಗ ಸತತವಾಗಿ ಹೆಲ್ತ್ ಹರಿಸುವ ಮೆಡಿ ಗನ್ ಬಳಸಿ, ದೂರ ಇದ್ದಾಗ ಬಾಣ ಬಳಸಿ ಎಂದು ಆಯುಧವೇ ನಿಮಗೆ ಹೇಳುತ್ತಿದೆ.

ಆದರೆ ನಿಮ್ಮ ಎದುರಾಳಿಗಳ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಜಗಳದ ಮಧ್ಯೆ ಮೆಡಿ ಗನ್ ಸೆಕೆಂಡಿಗೆ 24 ಹೆಲ್ತ್ ಕೊಡುತ್ತದೆ. ಒಂದು ಬಾಣ ಬಿಟ್ಟು ಇನ್ನೊಂದು ತುಂಬಿಕೊಳ್ಳಲು ಸುಮಾರು ಒಂದೂವರೆ ಸೆಕೆಂಡ್. ಆ ಹೊತ್ತಿನಲ್ಲಿ ಮೆಡಿ ಗನ್ ಕೊಡುವುದು 36, ಒಂದೇ ಬಾಣ ಕೊಡುವುದು 150ರವರೆಗೆ. ಸ್ಕೌಟ್‌ನ ಪೂರ್ತಿ ಹೆಲ್ತೇ 125! ಸಾಯಲು ಒಂದು ಗುಂಡು ಬಾಕಿ ಇದ್ದವನು ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಹೆಲ್ತಿನೊಂದಿಗೆ ಎದುರು ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಮೇಲಾಗಿ ಬಾಣದಿಂದ ಕೊಟ್ಟ ಹೆಲ್ತ್ ನಿಮ್ಮ ಊಬರ್ ಮೀಟರನ್ನೂ ತುಂಬುತ್ತದೆ, ಅದು ತುಂಬಿದರೆ ಸ್ವಲ್ಪ ಹೊತ್ತು ಪೆಟ್ಟೇ ತಾಗದ ಶಕ್ತಿ ಕೊಡಬಹುದು. ಬಾಣ ಬಿಟ್ಟು ಮೆಡಿ ಗನ್‌ಗೆ ಬದಲಾಯಿಸಿದರೆ ಕ್ರಾಸ್‌ಬೋ ತಾನಾಗಿಯೇ ರೀಲೋಡ್ ಕೂಡ ಆಗುತ್ತದೆ.

ಹಾಗಾದರೆ ಇದರ ಬೆಲೆ ಏನು? ಬಾಣ ಓವರ್‌ಹೀಲ್, ಅಂದರೆ ಪೂರ್ತಿಗಿಂತ ಮೇಲಿನ ಹೆಲ್ತ್, ಕೊಡುವುದಿಲ್ಲ. ಮೆಡಿ ಗನ್ ಆದರೆ ಸೋಲ್ಜರ್‌ನ 200ನ್ನು 300ರವರೆಗೆ, ಹೆವಿಯ 300ನ್ನು 450ರವರೆಗೆ ಏರಿಸುತ್ತದೆ. ಪೆಟ್ಟು ಬೀಳುವ ಮೊದಲೇ ರಕ್ಷಣೆ ಕಟ್ಟುವುದು ಬಾಣಕ್ಕೆ ಸಾಧ್ಯವಿಲ್ಲ, ಬಿದ್ದ ಪೆಟ್ಟನ್ನು ತುಂಬಿಕೊಡಬಹುದು ಅಷ್ಟೇ. ಕ್ರಾಸ್‌ಬೋ ಕೈಯಲ್ಲಿರುವಷ್ಟು ಹೊತ್ತು ನಿಮ್ಮ ಪಕ್ಕದವನಿಗೆ ಮೆಡಿ ಗನ್‌ನ ಹೆಲ್ತ್ ಹೋಗುತ್ತಿರುವುದಿಲ್ಲ. ದೂರ ನೋಡುತ್ತಿರುವಾಗ ಹಿಂದಿನಿಂದ ಬರುವ ಸ್ಪೈ ನಿಮಗೆ ಕಾಣುವುದಿಲ್ಲ. ಬಾಣ ತಪ್ಪಿದರೆ ಆ ಒಂದೂವರೆ ಸೆಕೆಂಡ್ ಸುಮ್ನೆ ಹೋಯಿತು. ನಿಮ್ಮ ಹೆಲ್ತ್ ಬರೀ 150 ಎಂಬುದನ್ನೂ ಮರೆಯಬೇಡಿ.

ಈ ಬೆಲೆ ಎಲ್ಲಿಂದ ವಸೂಲಾಗುತ್ತದೆ ಎನ್ನುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಗುರಿ ಕಷ್ಟ ಎಂಬುದು ಒಂದು ಬೆಲೆಯೇ. ಆದರೆ ಆಟಗಾರರು ಪಳಗಿದಂತೆ ಆ ಬೆಲೆ ಕರಗುತ್ತಾ ಹೋಗುತ್ತದೆ. ಮೊದಲ ತಿಂಗಳು ಹತ್ತರಲ್ಲಿ ಎರಡು ತಾಗುತ್ತಿದ್ದವನಿಗೆ ಎರಡನೇ ವರ್ಷ ಎಂಟು ತಾಗುತ್ತವೆ. ಆಯುಧ ಅದೇ, ಕೊಡುವ ಫಲ ಮಾತ್ರ ನಾಲ್ಕು ಪಟ್ಟು. ಸಮಯ, ಗಮನ, ನಿಲ್ಲುವ ಜಾಗ, ಹಣ, ಇವುಗಳಲ್ಲಿ ವಸೂಲಾಗುವ ಬೆಲೆ ಹಾಗೆ ಕರಗುವುದಿಲ್ಲ. ಎಷ್ಟೇ ದೊಡ್ಡ ಆಟಗಾರನಾದರೂ ಕೊಡಲೇಬೇಕು.

ಇದಕ್ಕೆ ಓವರ್‌ವಾಚ್ ಎಂಬ ಶೂಟಿಂಗ್ ಆಟದ ಆನಾಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2016ರ ಮೇ ತಿಂಗಳಲ್ಲಿ ಆಟ ಬಂತು, ಜುಲೈನಲ್ಲಿ ಆನಾ ಬಂದಳು. ಸ್ನೈಪರ್ ರೈಫಲ್ ಹಿಡಿದ ಅಜ್ಜಿ. ಗುಂಡು ಶತ್ರುವಿಗೆ ತಾಗಿದರೆ ಪೆಟ್ಟು, ಗೆಳೆಯನಿಗೆ ತಾಗಿದರೆ ಹೆಲ್ತ್. ಸ್ಕೋಪ್ ಹಾಕಿದರೆ ಗುಂಡು ತಕ್ಷಣ ತಾಗುತ್ತದೆ, ಹಾಕದಿದ್ದರೆ ಹಾರಿ ಹೋಗುತ್ತದೆ. ಗುರಿ ಇಟ್ಟು ಹೆಲ್ತ್ ಕೊಡಬೇಕು ಎಂಬ ಕಷ್ಟವೇ ಅವಳ ಮುಖ್ಯ ಬೆಲೆ. ಏನಾಯಿತು? ಆ ವರ್ಷದ ಕೊನೆಯ ಹೊತ್ತಿಗೆ ತಂಡಗಳು ಮೂರು ಮೂರು ಟ್ಯಾಂಕ್ (ಹೆಚ್ಚು ಪೆಟ್ಟು ತಡೆದುಕೊಳ್ಳುವ ದೊಡ್ಡ ಪಾತ್ರ) ಇಟ್ಟುಕೊಂಡು ಆಡತೊಡಗಿದವು. ಯಾಕೆಂದರೆ ರೋಡ್‌ಹಾಗ್, ರೈನ್‌ಹಾರ್ಟ್‌ನಂಥ ದೊಡ್ಡ ದೇಹಕ್ಕೆ ಗುರಿ ಇಡುವುದು ಕಷ್ಟವೇ ಅಲ್ಲ! ಚುರುಕಾಗಿ ಓಡುವ ಟ್ರೇಸರ್‌ಗೆ ಹೆಲ್ತ್ ಕೊಡಲು ಪೂರ್ತಿ ಬೆಲೆ ಕೊಡಬೇಕು, ಬಾಗಿಲಿನಷ್ಟು ಅಗಲದ ಟ್ಯಾಂಕ್‌ಗೆ ಬಹುತೇಕ ಪುಕ್ಕಟೆ. ಅವಳ ಗ್ರೆನೇಡ್ ಬಿದ್ದರೆ ಗೆಳೆಯರಿಗೆ ಸಿಗುವ ಹೆಲ್ತ್ ಎರಡು ಪಟ್ಟಾಗುತ್ತಿತ್ತು, ಶತ್ರುಗಳಿಗೆ ಸ್ವಲ್ಪ ಹೊತ್ತು ಹೆಲ್ತೇ ಸಿಗುತ್ತಿರಲಿಲ್ಲ. 2017ರ ಆರಂಭದಲ್ಲಿ ಆಟ ತಯಾರಿಸಿದ ಬ್ಲಿಝಾರ್ಡ್ ಅವಳ ರೈಫಲ್‌ನ ಪೆಟ್ಟನ್ನು 80ರಿಂದ 60ಕ್ಕೆ ಇಳಿಸಿತು, ಗ್ರೆನೇಡ್‌ನ ಹೆಚ್ಚುವರಿ ಹೆಲ್ತನ್ನು 100%ನಿಂದ 50%ಗೆ ತಂದಿತು. ಅವಳ ಗುರಿಯನ್ನು ಇನ್ನಷ್ಟು ಕಷ್ಟ ಮಾಡಲಿಲ್ಲ ನೋಡಿ. ಅದು ಸರಿಯಾದ ದಾರಿ.

ಅದೇ ಆನಾಗೆ ಇನ್ನೊಂದು ತೊಂದರೆ ಇತ್ತು. ಹೆಲ್ತ್ ತುಂಬಿದ ಗೆಳೆಯ ಅಡ್ಡ ನಿಂತರೆ ಗುಂಡು ಅವನಿಗೇ ತಾಗಿ ವ್ಯರ್ಥವಾಗುತ್ತಿತ್ತು, ಹಿಂದೆ ಸಾಯುತ್ತಿರುವವನಿಗೆ ಮುಟ್ಟುತ್ತಿರಲಿಲ್ಲ. ಮುಂದೆ ಅದನ್ನೂ ಬದಲಾಯಿಸಿದರು, ಪೂರ್ತಿ ಹೆಲ್ತ್ ಇರುವವನನ್ನು ದಾಟಿ ಗುಂಡು ಹೋಗುವಂತೆ ಮಾಡಿದರು. ಆ ಕಷ್ಟದಲ್ಲಿ ಸ್ಕಿಲ್ ಏನೂ ಇರಲಿಲ್ಲ, ಬರೀ ಕಿರಿಕಿರಿ. ಕಷ್ಟಗಳಲ್ಲಿ ಎರಡು ಜಾತಿ ಇವೆ, ಕಲಿತರೆ ಗೆಲ್ಲಬಹುದಾದ್ದು ಒಂದು, ಎಷ್ಟು ಕಲಿತರೂ ನಿಮ್ಮ ಕೈಯಲ್ಲಿಲ್ಲದ್ದು ಇನ್ನೊಂದು.

ಹೆಲ್ತ್ ಕೊಡದ ದೂರದ ಆಯುಧಗಳಲ್ಲೂ ಇದೇ ಕತೆ. ಕೌಂಟರ್ ಸ್ಟ್ರೈಕ್‌ನ ಸ್ನೈಪರ್ ರೈಫಲ್ ಎಡಬ್ಲ್ಯುಪಿ ಎದೆಗೆ ಒಂದು ತಾಗಿದರೆ ಸಾವು. ಆಟದೊಳಗಿನ ಹಣದಲ್ಲಿ ಅದರ ಬೆಲೆ 4750 ಡಾಲರ್, ಅದರಲ್ಲಿ ಕೊಂದರೆ ಸಿಗುವ ಬಹುಮಾನ 100 ಡಾಲರ್, ಸಾಮಾನ್ಯ ರೈಫಲ್‌ಗೆ 300. ಸೋತರೆ ಇಡೀ ತಂಡದ ಜೇಬು ಖಾಲಿ. 2015ರಲ್ಲಿ ಸ್ಕೋಪ್ ಹಾಕಿಕೊಂಡು ಓಡಾಡುವ ವೇಗ ಇಳಿಸಿದರು, 2022ರಲ್ಲಿ ಮ್ಯಾಗಜೀನ್‌ನ ಗುಂಡುಗಳನ್ನು 10ರಿಂದ 5ಕ್ಕೆ ತಂದರು. ಒಂದು ಗುಂಡಿಗೆ ಸಾವು ಎಂಬುದನ್ನು ಮುಟ್ಟಲಿಲ್ಲ. ನಮ್ಮ ಕಡೆ ಎಲ್ಲರೂ ಆಡುವ ಬಿಜಿಎಂಐನಲ್ಲಿ ಎಡಬ್ಲ್ಯುಎಂ ಸ್ನೈಪರ್ ರೈಫಲ್ ಸಾಮಾನ್ಯವಾಗಿ ವಿಮಾನದಿಂದ ಬೀಳುವ ಏರ್‌ಡ್ರಾಪ್ ಪೆಟ್ಟಿಗೆಯಲ್ಲೇ ಸಿಗುತ್ತದೆ, ಮೂರನೇ ಲೆವೆಲ್ ಹೆಲ್ಮೆಟ್ ಹಾಕಿದವನನ್ನೂ ತಲೆಗೆ ಒಂದೇ ಗುಂಡಿನಲ್ಲಿ ಬೀಳಿಸುತ್ತದೆ. ಅಲ್ಲಿ ಬೆಲೆ ಎಂದರೆ ಏರ್‌ಡ್ರಾಪ್‌ವರೆಗೆ ಬಯಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಓಡುವುದು.

ನನ್ನ ತಪ್ಪಿನ ಕತೆ ಹೇಳುತ್ತೇನೆ ಎಂದಿದ್ದೆ. ಕೆಲವು ವರ್ಷದ ಹಿಂದೆ ನಾನಿದ್ದ ಸಣ್ಣ ಸ್ಟುಡಿಯೋದಲ್ಲಿ ಮೊಬೈಲ್ ಶೂಟರ್ ಒಂದಕ್ಕೆ ದೂರದಿಂದ ಹೆಲ್ತ್ ಕೊಡುವ ಗನ್ ಮಾಡಿದೆವು. ಹೊಸ ಆಟಗಾರರಿಗೆ ತಾಗಿಸಲು ಆಗುತ್ತಿಲ್ಲ ಎಂಬ ದೂರು ಬಂತು. ನಾನು ಆ ಗನ್‌ನಿಂದ ಹಾರುವ ಡಾರ್ಟ್‌ನ ಅದೃಶ್ಯ ಅಗಲವನ್ನು ಎರಡು ಪಟ್ಟು ಮಾಡಿದೆ. ಹೊಸಬರು ಖುಷಿಯಾದರು. ಪಳಗಿದವರು ಎರಡೇ ವಾರದಲ್ಲಿ ದೂರದ ಚಾವಣಿ ಹತ್ತಿ ಕೂತು, ಒಬ್ಬನೇ ಮೂವರನ್ನು ಸಾಯದಂತೆ ನೋಡಿಕೊಳ್ಳತೊಡಗಿದರು. ಹೆಲ್ತನ್ನು ಎರಡು ಸಲ ಇಳಿಸಿದೆ, ದೂರು ನಿಲ್ಲಲಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರು ಒಂದು ಸಣ್ಣ ಬದಲಾವಣೆ ಸೂಚಿಸಿದರು. ಡಾರ್ಟ್ ಬಂದ ದಾರಿಯಲ್ಲಿ ಒಂದು ಸೆಕೆಂಡ್ ಹೊಳೆಯುವ ಗೆರೆ ಕಾಣಲಿ ಎಂದು. ಅಂಕಿ ಒಂದನ್ನೂ ಬದಲಾಯಿಸದೆ ದೂರು ಕಡಿಮೆಯಾಯಿತು. ಜನರ ಸಿಟ್ಟು ಹೆಲ್ತ್ ಎಷ್ಟು ಎಂಬುದರ ಮೇಲೆ ಇರಲೇ ಇಲ್ಲ. ಎಲ್ಲಿಂದ ಬರುತ್ತಿದೆ, ಯಾರನ್ನು ತಡೆಯಬೇಕು ಎಂದು ತಿಳಿಯದಿರುವುದರ ಮೇಲೆ ಇತ್ತು.

ಈಗ ಸಿಂಗಪುರ. ಇದು ನಿಮ್ಮ ಕೈಯ ದೋಷ ಅಲ್ಲವೇ ಅಲ್ಲ. ಟೀಮ್ ಫೋರ್ಟ್ರೆಸ್ 2ರಲ್ಲಿ ಸ್ನೈಪರ್ ರೈಫಲ್‌ನಂಥ ತಕ್ಷಣ ತಾಗುವ ಆಯುಧಗಳಿಗೆ ಸರ್ವರ್ ಒಂದು ಸಹಾಯ ಮಾಡುತ್ತದೆ. ನೀವು ಒತ್ತಿದಾಗ ನಿಮ್ಮ ಪರದೆಯಲ್ಲಿ ಎಲ್ಲರೂ ಎಲ್ಲಿದ್ದರು ಎಂದು ಕಾಲವನ್ನು ಹಿಂದೆ ಸರಿಸಿ ನೋಡುತ್ತದೆ. ಹಾರಿಹೋಗುವ ಬಾಣ, ರಾಕೆಟ್‌ಗಳಿಗೆ ಆ ಸಹಾಯ ಇಲ್ಲ. ನಿಮಗೆ ಕಾಣುವ ಗೆಳೆಯ ಹಳೆಯ ಗೆಳೆಯ. 80 ಮಿಲಿಸೆಕೆಂಡ್ ಪಿಂಗ್‌ನಲ್ಲಿ ಸ್ಕೌಟ್ 32 ಯೂನಿಟ್ ಮುಂದೆ ಹೋಗಿರುತ್ತಾನೆ, ದೇಹದ ಅರ್ಧ ಅಗಲವೇ ಸುಮಾರು 25. ಲ್ಯಾನ್‌ನಲ್ಲಿ ನಡು ಎದೆಗೆ ತಾಗುವ ಬಾಣ ಅಲ್ಲಿ ಬೆನ್ನ ಹಿಂದೆ ಹೋಗುತ್ತದೆ. ಇದರ ಮೇಲೆ ಇಂಟರ್ಪೊಲೇಶನ್ ಎಂಬ ಸೆಟ್ಟಿಂಗ್ ಬೇರೆ ಇದೆ. ಚಲನೆ ನಯವಾಗಿ ಕಾಣಲಿ ಎಂದು ಆಟ ಎಲ್ಲರನ್ನೂ ಸ್ವಲ್ಪ ತಡವಾಗಿ ತೋರಿಸುತ್ತದೆ. ಬಹುಕಾಲ ಅದರ ಡೀಫಾಲ್ಟ್ 100 ಮಿಲಿಸೆಕೆಂಡ್, ಅಂದರೆ ಇನ್ನೊಂದು 40 ಯೂನಿಟ್. ನಿಮ್ಮಲ್ಲಿ ಎಷ್ಟಿದೆ ಎಂದು ಇವತ್ತೇ ನೋಡಿ. ಕೇಬಲ್ ಹಾಕಿ ಆಡುವುದಾದರೆ ತೀರಾ ಕಡಿಮೆ, 15 ಮಿಲಿಸೆಕೆಂಡ್ ಆಸುಪಾಸಿಗೆ ತರಬಹುದು. ಹಾಸ್ಟೆಲ್ ವೈಫೈ ಆದರೆ ಅಷ್ಟು ಇಳಿಸಬೇಡಿ. ಪ್ಯಾಕೆಟ್ ಬಿದ್ದುಹೋದಾಗ ಎಲ್ಲರೂ ಜಿಗಿಜಿಗಿದು ಓಡುವಂತೆ ಕಾಣುತ್ತದೆ, ಇದ್ದ ಗುರಿಯೂ ಕೆಡುತ್ತದೆ. ಆ 15ರ ಎರಡು ಪಟ್ಟು ಇಟ್ಟುಕೊಳ್ಳಿ. ಲ್ಯಾನ್‌ಗೂ ಸಿಂಗಪುರಕ್ಕೂ ಒಂದೇ ರಾತ್ರಿ ಓಡಾಡಬೇಡಿ, ಕೈ ಗೊಂದಲಕ್ಕೆ ಬೀಳುತ್ತದೆ.

ಇನ್ನು ನಿಮ್ಮ ಟೂರ್ನಿ. ನನಗೆ ನಿಮ್ಮ ಪತ್ರದಲ್ಲಿ ಕಣ್ಣಿಗೆ ಹೊಡೆದದ್ದು ಕ್ರಾಸ್‌ಬೋ ಅಲ್ಲ, 'ಇಬ್ಬರು ಮೆಡಿಕ್' ಎಂಬ ಮಾತು. ಆರು ಜನರಲ್ಲಿ ಇಬ್ಬರು ಮೆಡಿಕ್, ಇಬ್ಬರ ಕೈಯಲ್ಲೂ ಕ್ರಾಸ್‌ಬೋ ಇದ್ದರೆ ಅವರು ಒಬ್ಬರಿಗೊಬ್ಬರು ಬಾಣ ಬಿಟ್ಟುಕೊಂಡು ಬದುಕುತ್ತಾರೆ. ನಾನು ಮೇಲೆ ಹೇಳಿದ ಬೆಲೆ ಪೂರ್ತಿ ಮಾಯವಾಗುತ್ತದೆ. ಒಬ್ಬನ ಗಮನ ದೂರ ಇದ್ದಾಗ ಪಕ್ಕದವನಿಗೆ ಇನ್ನೊಬ್ಬನ ಮೆಡಿ ಗನ್ ಇದ್ದೇ ಇರುತ್ತದೆ. ನಿಮ್ಮ ಎದುರಾಳಿಗಳ ಸಿಟ್ಟು ಹುಟ್ಟಿದ್ದು ಇಲ್ಲೇ ಎಂದು ನನ್ನ ಅಂದಾಜು. ಆರಾರು ಜನರ ಸ್ಪರ್ಧೆಗಳಲ್ಲಿ ತಂಡಕ್ಕೆ ಒಬ್ಬನೇ ಮೆಡಿಕ್ ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಆ ಸ್ಪರ್ಧೆಗಳಲ್ಲಿ ಕ್ರಾಸ್‌ಬೋಗೆ ಅವಕಾಶ ಇದೆ, ಹೆಚ್ಚುಕಡಿಮೆ ಎಲ್ಲ ಮೆಡಿಕ್‌ಗಳೂ ಅದನ್ನೇ ಹಿಡಿಯುತ್ತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಒಬ್ಬ ಮೆಡಿಕ್ ನಿಯಮ ತಂದು, ಕ್ರಾಸ್‌ಬೋ ಉಳಿಸಿಕೊಳ್ಳಲು ಕೇಳುತ್ತೇನೆ. ಇದರಲ್ಲೂ ನಷ್ಟ ಇದೆ. ನಿಮ್ಮಿಬ್ಬರಲ್ಲಿ ಒಬ್ಬರು ಇಷ್ಟದ ಪಾತ್ರ ಬಿಡಬೇಕು, ಮೆಡಿಕ್ ಸತ್ತರೆ ತಂಡ ಪೂರ್ತಿ ಬರಿಗೈ. ನಿಷೇಧವೇ ಬೇಕು ಎಂದು ಅವರು ಹಟ ಹಿಡಿದರೆ ಅದರ ಪರಿಣಾಮವನ್ನೂ ಹೇಳಿ. ಮೆಡಿಕ್ ಒಬ್ಬನ ಬೆನ್ನಿಗೆ ಅಂಟಿಕೊಂಡು ಒಂದೇ ಬಟನ್ ಹಿಡಿದು ಕೂರುವವನಾಗುತ್ತಾನೆ, ಪಕ್ಕದಿಂದ ಹೋಗುವ ಸ್ಕೌಟ್‌ಗಳಿಗೆ ಹೆಲ್ತೇ ಸಿಗುವುದಿಲ್ಲ, ಮೂರನೇ ವಾರ ಮೆಡಿಕ್ ಆಗಲು ಯಾರೂ ಮುಂದೆ ಬರುವುದಿಲ್ಲ. ಹೆಲ್ತ್ ಕೊಡುವ ಪಾತ್ರದಲ್ಲಿ ಆಟ ಸಿಗದಿದ್ದರೆ ಜನ ಅದನ್ನು ಆಡುವುದಿಲ್ಲ, ಇದನ್ನು ನಾನು ಕೆಲಸ ಮಾಡಿದ ಪ್ರತಿ ಆಟದಲ್ಲೂ ನೋಡಿದ್ದೇನೆ. ಸರ್ವರ್ ಪ್ಲಗಿನ್ ಹಾಕಿ 150ನ್ನು 120 ಮಾಡುವುದೂ ಒಂದು ದಾರಿ. ಆದರೆ ಆಗ ನಿಮ್ಮ ಹಾಸ್ಟೆಲ್‌ನ ಆಟ ಬೇರೆ, ಹೊರಗಿನ ಆಟ ಬೇರೆ ಆಗುತ್ತದೆ. ಮನಸ್ಸಿನೊಳಗೆ ಕೂತ ಲೆಕ್ಕ ಎರಡೂ ಕಡೆ ತಪ್ಪುತ್ತದೆ. ನನಗೆ ಅದು ಇಷ್ಟವಿಲ್ಲ.

ಒಂದು ವಿಷಯದಲ್ಲಿ ಅವರ ಮಾತು ಒಪ್ಪಿಕೊಳ್ಳಿ. ಮೆಡಿಕ್‌ನ ಆಯ್ಕೆಗಳಲ್ಲಿ ಕ್ರಾಸ್‌ಬೋ ಉಳಿದವಕ್ಕಿಂತ ತುಂಬಾ ಮುಂದಿದೆ. ಅದು 2010ರ ಡಿಸೆಂಬರ್‌ನಲ್ಲಿ ಬಂತು, ಇವತ್ತು ಸಿರಿಂಜ್ ಗನ್ ಹಿಡಿಯಲು ಬಲವಾದ ಕಾರಣವೇ ಉಳಿದಿಲ್ಲ. ಇದು ಸಮತೋಲನದ ದೋಷವೇ. ಆದರೆ ದೋಷ ಇರುವುದು ಸಿರಿಂಜ್ ಗನ್ ತೀರಾ ಸೊರಗಿರುವುದರಲ್ಲಿ. ಊಬರ್ ತುಂಬಿದಂತೆ ನಿಮ್ಮ ಓಟದ ವೇಗ ಹೆಚ್ಚಿಸುವ ಓವರ್‌ಡೋಸ್ ಎಂಬ ಇನ್ನೊಂದು ಸಿರಿಂಜ್ ಗನ್ ಒಂದನ್ನು ಬೇಕಾದರೆ ಅಪರೂಪಕ್ಕೆ ಪ್ರಯತ್ನಿಸಿ, ಶತ್ರುಗಳು ನಿಮ್ಮನ್ನೇ ಬೆನ್ನಟ್ಟುವ ಪಂದ್ಯಗಳಲ್ಲಿ. ಆಗ ದೂರದವರಿಗೆ ಏನೂ ಕೊಡಲಾಗುವುದಿಲ್ಲ ಎಂಬುದು ನೆನಪಿರಲಿ.

ಎದುರು ತಂಡಕ್ಕೂ ಒಂದು ಮಾತು ದಾಟಿಸಿ, ನಿಮಗೆ ತೊಂದರೆಯಾದರೂ ಪರವಾಗಿಲ್ಲ. ಬಾಣ ಕಣ್ಣಿಗೆ ಕಾಣುತ್ತದೆ. ಅದು ಬಂದ ದಿಕ್ಕಿಗೆ ಒಬ್ಬ ಸ್ಕೌಟ್‌ನನ್ನು ಕಳಿಸಿದರೆ ಅಲ್ಲಿ 150 ಹೆಲ್ತಿನ ಮೆಡಿಕ್ ಕ್ರಾಸ್‌ಬೋ ಹಿಡಿದು ಬೇರೆಲ್ಲೋ ನೋಡುತ್ತಿರುತ್ತಾನೆ.

ನಿಮ್ಮ ಆಟಕ್ಕೆ ಬಂದರೆ, ನೀವು ತಪ್ಪಿಸಿದ ಬಾಣಗಳನ್ನು ಎಣಿಸುವುದು ಬಿಡಿ. ಬಿಡಬಾರದಾಗಿದ್ದ ಬಾಣಗಳನ್ನು ಎಣಿಸಿ. ಲ್ಯಾನ್‌ನಲ್ಲಿ ಐದು ಪಂದ್ಯ ರೆಕಾರ್ಡ್ ಮಾಡಿ, ಪ್ರತಿ ಬಾಣದ ಹೊತ್ತಿಗೆ ನಿಲ್ಲಿಸಿ, ಆ ಕ್ಷಣ ಪಕ್ಕದಲ್ಲಿದ್ದವನಿಗೆ ಎಷ್ಟು ಹೆಲ್ತ್ ಇತ್ತು ಎಂದು ಬರೆದುಕೊಳ್ಳಿ. ಪಕ್ಕದ ಸೋಲ್ಜರ್ 60ರಲ್ಲಿರುವಾಗ ನೀವು ದೂರದ ಸ್ಕೌಟ್‌ಗೆ ಗುರಿ ಹುಡುಕುತ್ತಾ ನಿಂತದ್ದು ಎಷ್ಟು ಸಲ ಎಂದು ಆಗ ಗೊತ್ತಾಗುತ್ತದೆ. ಆ ಪಟ್ಟಿ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ, ಯಾವ ಬಾಣ ಬಿಡಬೇಕು ಯಾವುದು ಬೇಡ ಎಂದು ಒಂದೊಂದಾಗಿ ನೋಡೋಣ.